ಗುರುಗ್ರಹದ ಆ ಕಡೆಯವರು: ಒಂದು ಪ್ರೇಮಕಥೆ ಬರೆದ ಅನುಭವ

ಏಲಿಯನ್ ಮತ್ತು ಪ್ರೇಮ ಎರಡನ್ನೂ ಒಂದೇ ಕಥೆಯಲ್ಲಿ ತರಬೇಕು ಅಂತ ಕೂತಾಗ ನನಗೆ ಮೊದಲು ಎದುರಾದದ್ದು ದೂರದ ಪ್ರಶ್ನೆ. ಆ ಕಡೆಯವರು ನಮ್ಮಿಂದ ಎಷ್ಟು ದೂರದಲ್ಲಿರಬೇಕು?

ನೋಡೋಕೆ ಇದು ಬರೀ ಲೆಕ್ಕ. ಆದರೆ ಪ್ರೇಮಕಥೆ ಪೂರ್ತಿ ಇದರ ಮೇಲೆಯೇ ನಿಂತಿದೆ. ಒಬ್ಬರು ಮಾತಾಡಿದ ಮೇಲೆ ಇನ್ನೊಬ್ಬರ ಉತ್ತರಕ್ಕೆ ಎಷ್ಟು ಹೊತ್ತು ಕಾಯಬೇಕು? ಕಾಯುವಾಗ ಏನೇನು ಯೋಚನೆ ಬರುತ್ತದೆ? ನಮ್ಮಲ್ಲಿ ವಿರಹದ ಹಾಡು, ಕಥೆ ಎಲ್ಲ ಹುಟ್ಟಿದ್ದೇ ಈ ಕಾಯುವಿಕೆಯಲ್ಲಿ. ರೇಡಿಯೋ ಅಲೆ ಬೆಳಕಿನ ವೇಗದಲ್ಲಿ ಹೋಗುತ್ತದೆ, ಅದಕ್ಕಿಂತ ಬೇಗ ಏನೂ ಹೋಗೋದಿಲ್ಲ. ಹಾಗಾಗಿ ದೂರ ನಿಗದಿ ಮಾಡಿದರೆ ವಿರಹವನ್ನೂ ನಿಗದಿ ಮಾಡಿದಂತೆಯೇ.

ನೋಟ್‌ಬುಕ್ಕಿನಲ್ಲಿ ಒಂದು ಪಟ್ಟಿ ಹಾಕಿಕೊಂಡೆ. ಸೂರ್ಯನನ್ನು ಬಿಟ್ಟರೆ ನಮಗೆ ಅತಿ ಹತ್ತಿರದ ನಕ್ಷತ್ರ ಪ್ರಾಕ್ಸಿಮಾ ಸೆಂಟಾರಿ, 4.24 ಜ್ಯೋತಿರ್ವರ್ಷ. ಹೋಗಿ ಬರೋಕೆ ಎಂಟೂವರೆ ವರ್ಷ. ಇಪ್ಪತ್ತೈದರ ಹುಡುಗಿ 'ನೀವು ಯಾರು' ಅಂತ ಕೇಳಿದರೆ ಉತ್ತರ ಕೇಳಿಸಿಕೊಳ್ಳುವಾಗ ಅವಳಿಗೆ ಮೂವತ್ಮೂರು ದಾಟಿರುತ್ತದೆ. ಎಪ್ಸಿಲಾನ್ ಎರಿಡಾನಿ ಅಂದರೆ ಹತ್ತೂವರೆ ಜ್ಯೋತಿರ್ವರ್ಷ. ಉತ್ತರಕ್ಕೆ 21 ವರ್ಷ. ಒಂದು ಆಯುಸ್ಸಿನಲ್ಲಿ ಎರಡು ಮೂರು ಮಾತು, ಅಷ್ಟೇ. ಅದೂ ಒಂದು ಕಥೆಯಾಗಬಹುದು. ಆದರೆ ಅಲ್ಲಿ ಪ್ರೇಮ ಬೆಳೆಯೋದನ್ನು ತೋರಿಸೋಕೆ ಜಾಗ ಇಲ್ಲ. ಇನ್ನೊಂದು ತುದಿಗೆ ಚಂದ್ರ. ಸಿಗ್ನಲ್ ಹೋಗೋಕೆ 1.3 ಸೆಕೆಂಡ್. ಅದು ಟ್ರಂಕ್ ಕಾಲ್ ಆಗಿಬಿಡುತ್ತದೆ.

1974ರ ನವೆಂಬರ್‌ನಲ್ಲಿ ಪೋರ್ಟೊರಿಕೊದ ಅರೆಸಿಬೋ ರೇಡಿಯೋ ದೂರದರ್ಶಕದಿಂದ ಎಂ13 ನಕ್ಷತ್ರಗುಚ್ಛದ ಕಡೆಗೆ ಒಂದು ಸಂದೇಶ ಕಳಿಸಿದ್ದರು. ಒಟ್ಟು 1679 ಬಿಟ್‌ಗಳು. 23 ಮತ್ತು 73, ಎರಡೂ ಅವಿಭಾಜ್ಯ ಸಂಖ್ಯೆಗಳು. ಅವನ್ನು ಗುಣಿಸಿದರೆ 1679. ಸಿಕ್ಕವರು ಆ ಲೆಕ್ಕದಲ್ಲಿ ಸಾಲು ಸಾಲಾಗಿ ಜೋಡಿಸಿದರೆ ಚಿತ್ರ ಮೂಡುತ್ತದೆ: ಮನುಷ್ಯನ ಆಕಾರ, ಡಿಎನ್‌ಎ, ನಮ್ಮ ಸೌರಮಂಡಲ. ಬಹಳ ಜಾಣತನದ ಕೆಲಸ, ನನಗೆ ಈಗಲೂ ಇಷ್ಟ. ಆದರೆ ಎಂ13 ಇರೋದು ಸುಮಾರು 25,000 ಜ್ಯೋತಿರ್ವರ್ಷ ದೂರದಲ್ಲಿ. ಕಳಿಸಿದವರಿಗೆ ಉತ್ತರದ ನಿರೀಕ್ಷೆಯೇ ಇರಲಿಲ್ಲ. ಪರಿಚಯ ಹೇಳಿಕೊಳ್ಳೋಕೆ ಅಷ್ಟು ಸಾಕು. ಪ್ರೀತಿಗೆ ಆ ಕಡೆಯಿಂದಲೂ ಒಂದು ಮಾತು ಬರಬೇಕು.

ಅನ್ಯಲೋಕದ ಸಂಪರ್ಕ ಮತ್ತು ಪ್ರೇಮ ನಿಜವಾಗಿಯೂ ಒಂದಾಗಿದ್ದು, ನನಗೆ ಗೊತ್ತಿರುವ ಹಾಗೆ, ವಾಯೇಜರ್ ನೌಕೆಗಳ ಚಿನ್ನದ ಧ್ವನಿಮುದ್ರಿಕೆಯಲ್ಲಿ. 1977ರಲ್ಲಿ ಹಾರಿದ ಆ ಎರಡು ನೌಕೆಗಳಲ್ಲಿ ಭೂಮಿಯ ಶಬ್ದ, ಸಂಗೀತ, 55 ಭಾಷೆಗಳ ಶುಭಾಶಯ ಇಟ್ಟು ಕಳಿಸಿದರು. ಅದರಲ್ಲಿ ಕನ್ನಡವೂ ಇದೆ. "ನಮಸ್ತೆ, ಕನ್ನಡಿಗರ ಪರವಾಗಿ ಶುಭಾಶಯಗಳು" ಅನ್ನುವ ಧ್ವನಿ ಈಗ ಸೌರಮಂಡಲದ ಗ್ರಹಗಳನ್ನೆಲ್ಲ ದಾಟಿ ಹೋಗುತ್ತಿದೆ. ಕೇಳಿದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

ಅದೇ ಮುದ್ರಿಕೆಯಲ್ಲಿ ಇನ್ನೊಂದು ಶಬ್ದವೂ ಇದೆ. ಆ ಯೋಜನೆಯ ಸೃಜನಶೀಲ ನಿರ್ದೇಶಕಿ ಆನ್ ಡ್ರುಯನ್ ಅವರ ಮೆದುಳು ಮತ್ತು ಹೃದಯದ ವಿದ್ಯುತ್ ಅಲೆಗಳು. ಸುಮಾರು ಒಂದು ಗಂಟೆ ದಾಖಲಿಸಿ, ಒಂದು ನಿಮಿಷದಷ್ಟು ಶಬ್ದಕ್ಕೆ ಕುಗ್ಗಿಸಿದ್ದಾರೆ. ಅದಕ್ಕೆ ಕೆಲವೇ ದಿನ ಮೊದಲು ಆಕೆ ಮತ್ತು ಆ ಯೋಜನೆಯ ಮುಂದಾಳು, ಖಗೋಳ ವಿಜ್ಞಾನಿ ಕಾರ್ಲ್ ಸಾಗನ್ ಫೋನಿನಲ್ಲಿ ಮಾತಾಡುತ್ತಾ ಮದುವೆಯಾಗೋಣ ಅಂತ ನಿರ್ಧರಿಸಿದ್ದರು. ತಂತಿ ಅಂಟಿಸಿಕೊಂಡು ಮಲಗಿದ್ದಾಗ ಆಕೆ ಭೂಮಿಯ ಇತಿಹಾಸದ ಬಗ್ಗೆ ಯೋಚಿಸಿದರು. ಕೊನೆಗೆ ಪ್ರೀತಿಯಲ್ಲಿ ಬೀಳುವುದು ಹೇಗಿರುತ್ತದೆ ಅನ್ನೋದನ್ನೂ ಯೋಚಿಸಿದರು. ಪ್ರೀತಿಸುತ್ತಿರುವ ಹೆಣ್ಣೊಬ್ಬಳ ಮನಸ್ಸಿನ ಗುರುತು ಈಗ ಅಷ್ಟು ದೂರದಲ್ಲಿದೆ. ಇದು ಗೊತ್ತಾದ ಮೇಲೆಯೇ ಇಂಥದ್ದೊಂದು ಕಥೆ ಬರೆಯಬಹುದು ಅನ್ನೋ ಧೈರ್ಯ ನನಗೆ ಬಂದದ್ದು.

ವಾಯೇಜರ್ ನೌಕೆಗಳು 1979ರಲ್ಲಿ ಗುರುಗ್ರಹದ ಪಕ್ಕ ಹಾದು ಹೋದವು. ಅಲ್ಲಿಗೆ ನನ್ನ ಪಟ್ಟಿಯಲ್ಲಿ ಗುರು ಸೇರಿಕೊಂಡಿತು. ಗುರುವಿನಿಂದ ಭೂಮಿಗೆ ಸಿಗ್ನಲ್ ಬರೋಕೆ ಹತ್ತಿರ ಇದ್ದಾಗ 33 ನಿಮಿಷ, ದೂರ ಇದ್ದಾಗ 53 ನಿಮಿಷದವರೆಗೆ ಬೇಕು. ಒಂದು ಮಾತು ಹೇಳಿ, ಅನ್ನಕ್ಕಿಟ್ಟು, ಬಟ್ಟೆ ಹಿಂಡಿ ಹಾಕಿ, ದೇವರಿಗೆ ದೀಪ ಹಚ್ಚಿ ಬರೋಷ್ಟು ಹೊತ್ತು. ಮನುಷ್ಯರ ದಿನದೊಳಗೆ ಹಿಡಿಸುವ ವಿರಹ. ಜೊತೆಗೆ ಆ ದೂರ ಒಂದೇ ಸಮ ಇರೋದಿಲ್ಲ. ಭೂಮಿ ಸೂರ್ಯನ ಸುತ್ತ ಸುತ್ತುತ್ತಾ ಗುರುವಿಗೆ ಹತ್ತಿರ ಬರುತ್ತದೆ, ದೂರ ಸರಿಯುತ್ತದೆ. ಸುಮಾರು 13 ತಿಂಗಳಿಗೊಮ್ಮೆ ಗುರು ಸೂರ್ಯನ ಮರೆಗೆ ಸರಿದು ಕೆಲವು ವಾರ ಸಿಗೋದೇ ಇಲ್ಲ. ಕಥೆಯ ಏರಿಳಿತವನ್ನು ಆಕಾಶವೇ ಬರೆದಿಟ್ಟಂತಿತ್ತು. ಆ ಕಡೆಯವರು ಗುರುವಿನ ಸುತ್ತ ಇದ್ದಾರೆ. ಯಾಕೆ ಬಂದರು, ಎಲ್ಲಿಂದ ಬಂದರು ಅನ್ನೋದನ್ನು ಕಥೆ ಹೇಳೋದಿಲ್ಲ.

ವಾಯೇಜರ್‌ನ ಕನ್ನಡ ಶುಭಾಶಯ ಕೇಳಿ ಆ ಕಡೆಯವರು ಕನ್ನಡ ಕಲಿತರು ಅಂತ ಬರೆಯುವ ಆಸೆ ಬಹಳ ಕಾಡಿತು. ಕನ್ನಡದ ಓದುಗರಿಗೆ ಎಷ್ಟು ಖುಷಿಯಾಗುತ್ತಿತ್ತು, ಅಲ್ವಾ? ಆದರೆ ಒಂದು ಸಾಲಿನಿಂದ ಒಂದು ಭಾಷೆ ಬರೋದಿಲ್ಲ. ಅವರು ಸಲೀಸಾಗಿ ಮಾತಾಡೋಕೆ ಶುರುಮಾಡಿದರೆ ಅವರು ಏಲಿಯನ್ ಆಗಿ ಉಳಿಯೋದೂ ಇಲ್ಲ. ಕಷ್ಟಪಟ್ಟೇ ಕೈಬಿಟ್ಟೆ.

ಜಾಗ ಹುಡುಕೋದು ಕಷ್ಟವಾಗಲಿಲ್ಲ. ಗೌರಿಬಿದನೂರಿನ ಹತ್ತಿರ 1976ರಿಂದ ಒಂದು ರೇಡಿಯೋ ದೂರದರ್ಶಕವಿದೆ. ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಆಸ್ಟ್ರೋಫಿಸಿಕ್ಸ್ ಮತ್ತು ರಾಮನ್ ಸಂಶೋಧನಾ ಸಂಸ್ಥೆ ಸೇರಿ ಕಟ್ಟಿದ್ದು. ದೂರದರ್ಶಕ ಅಂದ ತಕ್ಷಣ ನಮಗೆ ದೊಡ್ಡ ತಟ್ಟೆಯ ಚಿತ್ರ ಬರುತ್ತದೆ. ಇಲ್ಲಿ ಹಾಗಲ್ಲ. ಬಯಲಿನಲ್ಲಿ ಡೈಪೋಲ್ ಅನ್ನುವ ಸರಳ ಆಂಟೆನಾಗಳನ್ನು, ಒಟ್ಟು ಸಾವಿರ, ಟಿ ಅಕ್ಷರದ ಆಕಾರದಲ್ಲಿ ಸಾಲಾಗಿ ನಿಲ್ಲಿಸಿದರು. ಪೂರ್ವ–ಪಶ್ಚಿಮದ ಸಾಲೇ ಸುಮಾರು 1.4 ಕಿಲೋಮೀಟರ್. ಕೇಳುತ್ತಿದ್ದದ್ದು 34.5 ಮೆಗಾಹರ್ಟ್ಸ್‌ನ ರೇಡಿಯೋ ಅಲೆ. ಗುರುಗ್ರಹ ತಾನಾಗಿಯೇ ಅಬ್ಬರಿಸೋದೂ 40 ಮೆಗಾಹರ್ಟ್ಸ್‌ನ ಕೆಳಗೆ. ಸ್ಪೀಕರಿಗೆ ಹಾಕಿದರೆ ಆ ಅಬ್ಬರ ಕೆಲವು ಸಲ ಬಾಣಲೆಯಲ್ಲಿ ಜೋಳ ಅರಳಿದ ಹಾಗೆ ಕೇಳುತ್ತದೆ. ಆ ಗದ್ದಲದ ನಡುವೆ ಒಂದು ಮೆಲ್ಲನೆಯ ಸಿಗ್ನಲ್ ಅಡಗಿದ್ದರೆ ಯಾರಿಗೆ ಗೊತ್ತಾದೀತು?

ಕಥೆಯಲ್ಲಿ ನಾನು ಆ ಸಂಸ್ಥೆಗಳ ಹೆಸರು ಬಳಸಲಿಲ್ಲ. ಊರನ್ನು ಉಳಿಸಿಕೊಂಡು, ಹೆಸರಿಲ್ಲದ ಒಂದು ಕೇಂದ್ರವನ್ನು ಕಲ್ಪಿಸಿಕೊಂಡೆ. ಆದರೆ ಊರನ್ನು ನೋಡದೆ ಬರೆಯೋಕೆ ಮನಸ್ಸಾಗಲಿಲ್ಲ. ಹಿಂದೂಪುರದ ಕಡೆ ಹೋಗುವ ರೈಲು ಹತ್ತಿ ಹೋದೆ. ಕಡಲೆಕಾಯಿ ಹೊಲ, ಮುಸುಕಿನ ಜೋಳ, ಒಂದು ವಾಕ್ಯ ಕನ್ನಡದಲ್ಲಿ ಶುರುವಾಗಿ ತೆಲುಗಿನಲ್ಲಿ ಮುಗಿಯುವ ಹೋಟೆಲ್ ಮಾತು. ವಿದುರಾಶ್ವತ್ಥಕ್ಕೆ ಹೋಗಿ ಸಾಲುಸಾಲು ನಾಗರಕಲ್ಲುಗಳನ್ನು ನೋಡಿದೆ. ನಾಯಕಿಯ ಅಮ್ಮ ಮಗಳ ಮದುವೆಗಾಗಿ ಇಲ್ಲೇ ಹರಕೆ ಹೊತ್ತಿರುತ್ತಾಳೆ ಅಂತ ಅಲ್ಲೇ ನಿಂತು ಬರೆದುಕೊಂಡೆ.

ನಾಯಕಿ ಶಾರದಾ. ಕೇಂದ್ರದಲ್ಲಿ ಟೆಕ್ನಿಕಲ್ ಅಸಿಸ್ಟೆಂಟ್. ಕಾಲ 1985–86. ಆ ವರ್ಷಗಳನ್ನು ಸುಮ್ನೆ ಆರಿಸಿಕೊಂಡಿದ್ದಲ್ಲ. ಹ್ಯಾಲಿ ಧೂಮಕೇತು ಬಂದ ಕಾಲ ಅದು, ಎಲ್ಲರೂ ಕತ್ತೆತ್ತಿ ಆಕಾಶ ನೋಡುತ್ತಿದ್ದರು. ಮನೆಗಳಲ್ಲಿ ಫೋನ್ ಅಪರೂಪ. ಇನ್‌ಲ್ಯಾಂಡ್ ಲೆಟರ್ ಬರೆದು ವಾರಗಟ್ಟಲೆ ಕಾಯೋದು ಎಲ್ಲರಿಗೂ ಅಭ್ಯಾಸ. ಅಂಥ ಓದುಗರಿಗೆ ಗುರುಗ್ರಹದ ಉತ್ತರ ಬರೋದು ತಡ ಅಂತ ಅನ್ನಿಸೋದೇ ಇಲ್ಲ.

ಇಲ್ಲಿಂದ ಮುಂದೆ ನನ್ನ ಕೈ ಹಿಡಿದದ್ದು ನಾಲ್ಕು ನಿಮಿಷ.

ಭೂಮಿ ತನ್ನ ಸುತ್ತ ಒಂದು ಸಲ ತಿರುಗೋಕೆ ತಗೊಳ್ಳೋದು 23 ಗಂಟೆ 56 ನಿಮಿಷ. ಹಾಗಾಗಿ ಇವತ್ತು ರಾತ್ರಿ ಒಂಬತ್ತಕ್ಕೆ ನೆತ್ತಿಗೆ ಬಂದ ನಕ್ಷತ್ರ ನಾಳೆ ಸುಮಾರು ನಾಲ್ಕು ನಿಮಿಷ ಮೊದಲೇ ಬರುತ್ತದೆ. 1967ರಲ್ಲಿ ಕೇಂಬ್ರಿಡ್ಜ್‌ನಲ್ಲಿ ಸಂಶೋಧನಾ ವಿದ್ಯಾರ್ಥಿನಿ ಜೋಸೆಲಿನ್ ಬೆಲ್, ದೂರದರ್ಶಕಕ್ಕೆ ಸಿಕ್ಕ ಸಿಗ್ನಲ್ಲನ್ನು ಪೆನ್ನು ಗೀಚುತ್ತಾ ಹೋಗುವ ಚಾರ್ಟ್ ಕಾಗದದ ಮೇಲೆ ಒಂದು ವಿಚಿತ್ರ ಗುರುತು ಕಂಡಾಗ ಅದು ಊರಿನ ಯಾವುದೋ ಯಂತ್ರದ ಗಲಾಟೆ ಅಲ್ಲ ಅನ್ನೋದು ತಿಳಿದದ್ದು ಹೀಗೆ. ಮನುಷ್ಯರ ಯಂತ್ರ ಗಡಿಯಾರದ ಸಮಯಕ್ಕೆ ನಡೆಯುತ್ತದೆ. ಆ ಗುರುತು ನಕ್ಷತ್ರಗಳ ಸಮಯಕ್ಕೆ ನಡೆಯುತ್ತಿತ್ತು. ಅವರು ಅದಕ್ಕೆ ಮೊದಲು 'ಲಿಟಲ್ ಗ್ರೀನ್ ಮೆನ್' ಅಂತ ತಮಾಷೆಯ ಹೆಸರಿಟ್ಟಿದ್ದರು, ಆಮೇಲೆ ಅದು ಪಲ್ಸಾರ್, ಅಂದರೆ ಬೇಗ ಬೇಗ ತಿರುಗುತ್ತಾ ಲಯವಾಗಿ ರೇಡಿಯೋ ಮಿಡಿತ ಕಳಿಸುವ ನಕ್ಷತ್ರ ಅಂತ ಗೊತ್ತಾಯಿತು. ಗುರುಗ್ರಹದ ರೇಡಿಯೋ ಅಬ್ಬರ ಸಿಕ್ಕಿದ್ದೂ ಹೆಚ್ಚುಕಡಿಮೆ ಇಂಥದ್ದೇ ದಾರಿಯಲ್ಲಿ. 1955ರಲ್ಲಿ ಅಮೆರಿಕದ ವಿಜ್ಞಾನಿಗಳಾದ ಬರ್ಕ್ ಮತ್ತು ಫ್ರಾಂಕ್ಲಿನ್ ಬೇರೆ ಏನನ್ನೋ ನೋಡುತ್ತಿದ್ದಾಗ ಒಂದು ಗದ್ದಲ ಮತ್ತೆ ಮತ್ತೆ ಬಂತು. ಅದು ನಕ್ಷತ್ರಗಳ ಜೊತೆಗೂ ಸರಿಯಾಗಿ ಹೊಂದದೆ ನಿಧಾನವಾಗಿ ಸರಿಯುತ್ತಿತ್ತು.

ಇದನ್ನು ಶಾರದಾಳ ಕೈಗೆ ಕೊಟ್ಟೆ. ಅವಳ ಚಾರ್ಟಿನಲ್ಲಿ ಒಂದು ಗುರುತು ಪ್ರತಿದಿನ ಬೇಗ ಬರುತ್ತದೆ. ಆದರೆ ನಾಲ್ಕು ನಿಮಿಷಕ್ಕೆ ಸರಿಯಾಗಿ ಅಲ್ಲ. ಆಗಸ್ಟಿನಲ್ಲಿ ನಾಲ್ಕೂವರೆ ನಿಮಿಷದಷ್ಟು. ಕೆಲವು ತಿಂಗಳು ಕಳೆದರೆ ನಾಲ್ಕಕ್ಕಿಂತ ಕಡಿಮೆ. ಯಾಕೆಂದರೆ ಗ್ರಹ ನಕ್ಷತ್ರಗಳ ನಡುವೆ ಹಿಂದಕ್ಕೂ ಮುಂದಕ್ಕೂ ಸರಿಯುತ್ತದೆ. ಈ ಅರ್ಧ ನಿಮಿಷದ ವ್ಯತ್ಯಾಸದಿಂದಲೇ ಅವಳಿಗೆ ಸಿಗ್ನಲ್ ಎಲ್ಲಿಂದ ಬರುತ್ತಿದೆ ಅಂತ ತಿಳಿಯುತ್ತದೆ. ಹಾಗೆಯೇ ಓದುಗರಿಗೂ ತಿಳಿಯುತ್ತದೆ: ಇವಳು ಅರ್ಧ ನಿಮಿಷವನ್ನೂ ಗಮನಿಸುವ ಹೆಂಗಸು. ಪ್ರೀತಿಗೆ ತಯಾರಾದ ಮನಸ್ಸು ಅದು.

ಇದರಿಂದ ಇನ್ನೊಂದು ಲಾಭವೂ ಆಯಿತು. 1985ರ ಆಗಸ್ಟಿನಲ್ಲಿ ಗುರು ಸೂರ್ಯನಿಗೆ ಸರಿಯಾಗಿ ಎದುರು ಇತ್ತು, ಅಂದರೆ ನಡುರಾತ್ರಿ ನೆತ್ತಿಗೆ. ದಿನಕ್ಕೆ ನಾಲ್ಕು ನಿಮಿಷ ಅಂದರೆ ತಿಂಗಳಿಗೆ ಎರಡು ಗಂಟೆ. ನವೆಂಬರಿಗೆ ಅದೇ ಭೇಟಿ ಸಂಜೆಗೆ ಬರುತ್ತದೆ. 1986ರ ಫೆಬ್ರವರಿಗೆ ಮಟಮಟ ಮಧ್ಯಾಹ್ನ. ರಾತ್ರಿ ಪಾಳಿಯಲ್ಲಿ ಯಾರಿಗೂ ಕಾಣದೆ ಶುರುವಾದದ್ದು ಸಂಜೆ ಅಮ್ಮ ಕಾಫಿಗೆ ಕಾಯುವ ಹೊತ್ತಿಗೆ ಬರುತ್ತದೆ, ಆಮೇಲೆ ಎಲ್ಲರೂ ಓಡಾಡುವ ಆಫೀಸಿನ ಹೊತ್ತಿಗೆ. ಗುಟ್ಟು ಬಯಲಾಗುವ ಭಯವನ್ನು ನಾನು ಕಟ್ಟಲೇಬೇಕಾಗಲಿಲ್ಲ. ಭೂಮಿ ತಿರುಗಿದರೆ ಸಾಕಿತ್ತು.

ಆದರೆ ಅವಳು ಉತ್ತರ ಕೊಡೋದು ಹೇಗೆ? ಕೇಂದ್ರದ ಆಂಟೆನಾ ಕೇಳುತ್ತದೆ, ಮಾತಾಡೋದಿಲ್ಲ. ನನಗೆ ಪರಿಚಯದ ಒಬ್ಬ ಹಿರಿಯರು ಟೆಲಿಫೋನ್ ಇಲಾಖೆಯಿಂದ ನಿವೃತ್ತರಾದವರು, ಬಹಳ ವರ್ಷಗಳಿಂದ ಹ್ಯಾಮ್, ಅಂದರೆ ಹವ್ಯಾಸಕ್ಕಾಗಿ ಮನೆಯಿಂದಲೇ ರೇಡಿಯೋದಲ್ಲಿ ಮಾತಾಡುವವರು. ಅವರ ಮನೆಗೆ ಹೋಗಿ ಸಮಸ್ಯೆ ಹೇಳಿಕೊಂಡೆ.

"28 ಮೆಗಾಹರ್ಟ್ಸ್ ತಗೊಳ್ಳಮ್ಮ," ಅಂದರು. "ನಮ್ಮ ಹತ್ತು ಮೀಟರ್ ಬ್ಯಾಂಡು. ನೇರ ಮೇಲಕ್ಕೆ ಬಿಟ್ಟರೆ ಅಯಾನುಗೋಳ, ಅದೇ ವಾತಾವರಣದ ಮೇಲಿನ ಪದರ, ತಡೆಯಲ್ಲ, ಆಕಾಶಕ್ಕೆ ಹೋಗ್ತದೆ. ಅದೂ 86ನೇ ಇಸವಿ ಅಂತೀಯ. ಸೂರ್ಯ ತಣ್ಣಗಿದ್ದ ಕಾಲ. ಆ ಬ್ಯಾಂಡಿನಲ್ಲಿ ದೂರದ ಸ್ಟೇಷನ್ ಒಂದೂ ಸಿಗ್ತಿರಲಿಲ್ಲ. ಖಾಲಿ ಬಿದ್ದಿತ್ತು."

ಸೌರ ಚಟುವಟಿಕೆ 1986ರಲ್ಲಿ ತೀರಾ ಕಡಿಮೆಗೆ ಇಳಿದಿತ್ತು, ಅದು ನಿಜ. ಹ್ಯಾಲಿಗಾಗಿ ಆರಿಸಿಕೊಂಡ ವರ್ಷ ಇಲ್ಲೂ ಕೂಡಿಬಂತು. ಆಮೇಲೆ ಅವರು ಇನ್ನೊಂದು ವಿಷಯ ಹೇಳಿದರು. ಅದನ್ನು ಕೇಳಿ ನಾನು ಕುರ್ಚಿಯಿಂದ ಎದ್ದೇಬಿಟ್ಟೆ. 2013ರ ಅಕ್ಟೋಬರ್‌ನಲ್ಲಿ ನಾಸಾದ ಜೂನೋ ನೌಕೆ ಗುರುಗ್ರಹಕ್ಕೆ ಹೋಗುವ ದಾರಿಯಲ್ಲಿ ವೇಗ ಪಡೆಯೋಕೆ ಒಮ್ಮೆ ಭೂಮಿಯ ಪಕ್ಕ ಹಾದು ಹೋಯಿತು. ಆಗ ಜಗತ್ತಿನ ಹ್ಯಾಮ್‌ಗಳೆಲ್ಲ ಸೇರಿ ಇದೇ ಹತ್ತು ಮೀಟರ್ ಬ್ಯಾಂಡಿನಲ್ಲಿ ಮೋರ್ಸ್ ಸಂಕೇತದಲ್ಲಿ 'ಹಾಯ್' ಅಂದರು. ನೌಕೆಯ ಉಪಕರಣಕ್ಕೆ ಗೊತ್ತಾಗಲಿ ಅಂತ ಬಹಳ ನಿಧಾನವಾಗಿ, ಒಂದೊಂದು ಚುಕ್ಕೆಗೂ ಅರ್ಧ ನಿಮಿಷ. ಜೂನೋ ಅದನ್ನು ಕೇಳಿಸಿಕೊಂಡಿತು. ಗುರುವಿಗೆ ಹೊರಟ ಒಂದು ಯಂತ್ರಕ್ಕೆ ಮನೆಮನೆಯ ಆಂಟೆನಾಗಳಿಂದ ಹೋದ ನಮಸ್ಕಾರ! ನಾನು ಬರೆಯುತ್ತಿದ್ದದ್ದು ಅದಕ್ಕಿಂತ ಇಪ್ಪತ್ತೇಳು ವರ್ಷ ಹಿಂದಿನ ಕಥೆ. ಆದರೂ ಹಿಡಿಯೋಕೆ ಒಂದು ಗಟ್ಟಿ ಆಧಾರ ಸಿಕ್ಕಿತು.

ಹೀಗೆ ಕಥೆಗೆ ಬಷೀರ್ ಬಂದ. ಪೇಟೆಯಲ್ಲಿ ರೇಡಿಯೋ ರಿಪೇರಿ ಅಂಗಡಿ, ವಿಯು2 ಅಂತ ಶುರುವಾಗುವ ಹ್ಯಾಮ್ ಕರೆಸಂಕೇತ, ಮೇಲೆ ತಂತಿಯ ಆಂಟೆನಾ. ಶಾರದಾ ಅವನನ್ನು 'ಬಷೀರಣ್ಣ' ಅನ್ನುತ್ತಾಳೆ, ಅವನು ಇವಳನ್ನು 'ಮೇಡಂ' ಅನ್ನುತ್ತಾನೆ. ಗುರು ಕೇಂದ್ರದ ಆಂಟೆನಾದ ಎದುರು ಹಾದು ಹೋಗೋದು ಐದೇ ನಿಮಿಷ. ಆ ಐದು ನಿಮಿಷ ಅವಳು ಚಾರ್ಟಿನ ಮುಂದೆ ಇರಬೇಕು. ಅಂದರೆ ಅದೇ ಹೊತ್ತಿಗೆ ಅಂಗಡಿಯಲ್ಲಿ ಸಿಗ್ನಲ್ ಕಳಿಸುವ ಮೋರ್ಸ್ ಕೀ ಒತ್ತೋದು ಬಷೀರನೇ. ಇಬ್ಬರ ನಡುವೆ ಫೋನ್ ಇಲ್ಲ. ಆಕಾಶವಾಣಿಯ ಪಿಪ್ ಪಿಪ್ ಸದ್ದಿಗೆ ಇಬ್ಬರೂ ತಮ್ಮ ಎಚ್‌ಎಂಟಿ ವಾಚನ್ನು ಹೊಂದಿಸಿಕೊಳ್ಳುತ್ತಾರೆ.

ಏನನ್ನು ಕಳಿಸಬೇಕು? ಇಲ್ಲಿ ನಾನು ಬಹಳ ದಿನ ನಿಂತುಬಿಟ್ಟೆ. ಅವಿಭಾಜ್ಯ ಸಂಖ್ಯೆ, ಚಿತ್ರ, ಎಲ್ಲ ಯೋಚಿಸಿದೆ. ಅವೆಲ್ಲ 'ನನಗೆ ಲೆಕ್ಕ ಬರುತ್ತದೆ' ಅಂತ ಹೇಳುತ್ತವೆ. ಪ್ರೀತಿಸುವವರು ಹಾಗೆ ಶುರುಮಾಡೋದಿಲ್ಲ. ಒಂದು ಸಂಜೆ ಪಕ್ಕದ ಮನೆಯಲ್ಲಿ ಸಂಗೀತದ ಪಾಠ ನಡೀತಿತ್ತು. ಮಕ್ಕಳು ತೊಡೆ ತಟ್ಟಿ ಆದಿತಾಳ ಹಾಕುತ್ತಿದ್ದರು. ನಾಲ್ಕು, ಎರಡು, ಎರಡು. ಒಟ್ಟು ಎಂಟು ಅಕ್ಷರ. ಒಂದು ಅಕ್ಷರಕ್ಕೆ ಅರ್ಧ ನಿಮಿಷ ಅಂದರೆ ಒಂದು ಆವರ್ತ ಮುಗಿಯೋಕೆ ನಾಲ್ಕು ನಿಮಿಷ. ಐದು ನಿಮಿಷದ ಕಿಟಕಿಯಲ್ಲಿ ಸರಿಯಾಗಿ ಕೂರುತ್ತದೆ. ತಾಳಕ್ಕೆ ಭಾಷೆ ಬೇಡ, ರೂಪ ಬೇಡ. ಇಬ್ಬರು ಒಂದೇ ತಾಳ ಹಾಕಬೇಕಾದರೆ ಒಬ್ಬರು ಇನ್ನೊಬ್ಬರನ್ನು ಕೇಳಿಸಿಕೊಳ್ಳಲೇಬೇಕು. ನನಗೆ ಬೇಕಾದದ್ದು ಅದೇ.

ರೂಪದ ಬಗ್ಗೆ ಒಂದು ಮಾತು. ಆ ಕಡೆಯವರು ನೋಡೋಕೆ ಹೇಗಿದ್ದಾರೆ ಅಂತ ಕಥೆಯಲ್ಲಿ ಎಲ್ಲೂ ಬರೋದಿಲ್ಲ. ಹಸಿರು ಚರ್ಮ, ದೊಡ್ಡ ಕಣ್ಣು, ಮನುಷ್ಯನ ಹಾಗೇ ಇರುವ ಸುಂದರಾಂಗ, ಇವು ಯಾವುವೂ ನನಗೆ ಬೇಡವಾಗಿದ್ದವು. ರೂಪವೇ ಇಲ್ಲದವನಿಗೆ ಒಲಿಯೋದು ಕನ್ನಡಕ್ಕೆ ಹೊಸತೇನಲ್ಲ, 12ನೇ ಶತಮಾನದ ವಚನಗಳಿಂದಲೂ ಇದೆ. ನಮ್ಮ ಓದುಗರು ಅದನ್ನು ಒಪ್ಪಿಕೊಳ್ಳುತ್ತಾರೆ ಅನ್ನೋ ನಂಬಿಕೆ ನನಗಿತ್ತು.

ಈಗ ಕಥೆಯ ನಡುವಿನ ಗಂಟು. ಬಷೀರ್ ಒತ್ತಿದ ತಾಳ ಗುರುವಿಗೆ ತಲುಪೋಕೆ 34 ನಿಮಿಷ. ಆ ಕಡೆಯವರು ಕೂಡಲೇ ಉತ್ತರ ಕೊಟ್ಟರೂ ಅದು ಇಲ್ಲಿಗೆ ಬರೋಷ್ಟರಲ್ಲಿ ಒಟ್ಟು 68 ನಿಮಿಷ ಕಳೆದಿರುತ್ತದೆ. ಕಿಟಕಿ ಯಾವಾಗಲೋ ಮುಚ್ಚಿರುತ್ತದೆ. ಶಾರದಾಳಿಗೆ ಏನೂ ಕೇಳಿಸೋದಿಲ್ಲ. ವಾರಗಟ್ಟಲೆ ಹೀಗೇ. ಆಮೇಲೆ ಒಂದು ರಾತ್ರಿ ಕಿಟಕಿ ತೆರೆದ ಕ್ಷಣಕ್ಕೆ ಸರಿಯಾಗಿ ತಾಳ ಬರುತ್ತದೆ. ಇದರ ಅರ್ಥ ಏನು? ಈ ಕಡೆಯವರು ದಿನವೂ ಇಷ್ಟು ಹೊತ್ತಿಗೆ ಮಾತಾಡುತ್ತಾರೆ, ದಿನವೂ ಸ್ವಲ್ಪ ಬೇಗ, ಅನ್ನೋದನ್ನು ಆ ಕಡೆಯವರು ಗಮನಿಸಿದ್ದಾರೆ. ಅವಳು ಕಿವಿಗೊಡುವ ಹೊತ್ತಿಗೆ ತಲುಪಲಿ ಅಂತ 34 ನಿಮಿಷ ಮೊದಲೇ ಹೊರಡಿಸಿದ್ದಾರೆ. ಕೋಟಿಗಟ್ಟಲೆ ಕಿಲೋಮೀಟರ್ ಆಚೆ ಕೂತು ಯಾರೋ ಅವಳ ದಿನಚರಿಯನ್ನು ಲೆಕ್ಕಕ್ಕೆ ತಗೊಂಡಿದ್ದಾರೆ. ನನ್ನ ಕಥೆಯಲ್ಲಿ 'ನಾನು ನಿನ್ನನ್ನು ಪ್ರೀತಿಸುತ್ತೇನೆ' ಅನ್ನುವ ಮಾತು ಎಲ್ಲೂ ಇಲ್ಲ. ಇದೇ ಆ ಮಾತು.

ಆ ಭಾಗ ಬರೆಯುವಾಗ ಬಹಳ ಸಲ ಹೊಡೆದು ಹಾಕಿದೆ. ಶಾರದಾ ಅಳುತ್ತಾಳೆ, ಓಡುತ್ತಾಳೆ, ದೇವರಿಗೆ ಕೈಮುಗಿಯುತ್ತಾಳೆ, ಎಲ್ಲ ಬರೆದು ನೋಡಿದೆ. ಕೊನೆಗೆ ಉಳಿದದ್ದು ಇಷ್ಟು:

"ಪೆನ್ನು ಏಳು ಸಲ ಎದ್ದಿತು. ನಾಲ್ಕು. ಎರಡು. ಒಂದು. ಎಂಟನೆಯದಕ್ಕೆ ಶಾರದಾ ಕಾದಳು. ಕಾಗದ ಸುಮ್ಮನೆ ಸರಿಯಿತು. ಅರ್ಧ ನಿಮಿಷ, ಮುಕ್ಕಾಲು ನಿಮಿಷ. ಮರೆತರೇ? ಇಲ್ಲ, ಬಿಟ್ಟಿದ್ದಾರೆ. ಅವಳು ವಾಚು ನೋಡಿದಳು. ಇದೇ ಹೊತ್ತಿಗೆ ಪೇಟೆಯಲ್ಲಿ ಬಷೀರಣ್ಣನ ಬೆರಳು ಎಂಟನೇ ಏಟಿಗೆ ಕೀ ಒತ್ತಿ ಮುಗಿಸಿರಬೇಕು. ಏಳು ಅಲ್ಲಿಂದ. ಎಂಟನೆಯದು ಇಲ್ಲಿಂದ. ಅವಳು ಪೆನ್ಸಿಲ್ ತಗೊಂಡು ಖಾಲಿ ಜಾಗದಲ್ಲಿ ಒಂದು ಗೀಟು ಎಳೆದಳು. ಆಮೇಲೆ ಸರ್ಕಾರಿ ಕಾಗದದ ಮೇಲೆ ಹೀಗೆ ಬರೆಯಬಾರದು ಅಂತ ನೆನಪಾಗಿ, ಅಳಿಸದೆ ಬಿಟ್ಟಳು."

ಕರಡನ್ನು ಮೊದಲು ಓದಿದ್ದು ನನ್ನ ಅತ್ತಿಗೆ. ವಿಜ್ಞಾನದ ಕಥೆ ಓದುವವರಲ್ಲ, ಸಂಸಾರದ ಕಾದಂಬರಿಗಳೇ ಇಷ್ಟ. ಅದಕ್ಕೇ ಅವರಿಗೆ ಕೊಟ್ಟೆ. ಮೆಗಾಹರ್ಟ್ಸ್ ಬಂದಲ್ಲೆಲ್ಲ ಬೇಗ ಬೇಗ ದಾಟಿದರಂತೆ, ಆದರೆ ಎಲ್ಲೂ ಸಿಕ್ಕಿಕೊಳ್ಳಲಿಲ್ಲ.

"ನೋಡು, ಆ ಗುರುಗ್ರಹದವರು ಒಳ್ಳೆಯವರೇ," ಅಂದರು. "ಆದ್ರೆ ದಿನಾ ಅಂಗಡಿ ಬಾಗಿಲು ತೆಗೆದು ಇವಳಿಗೋಸ್ಕರ ಕೀ ಒತ್ತೋನು ಬಷೀರ ಅಲ್ವೇನೇ? ಅವನ ಮನಸ್ಸಲ್ಲಿ ಏನಿದೆ ಅಂತ ನೀನು ಒಂದು ಸಾಲೂ ಬರ್ದಿಲ್ಲ."

"ಬರೆದರೆ ತ್ರಿಕೋನ ಪ್ರೇಮ ಆಗಿಬಿಡತ್ತೆ ಅತ್ತಿಗೆ. ಅದು ನನಗೆ ಬೇಡ."

"ತ್ರಿಕೋನ ಗಿರಿಕೋನ ನಂಗೆ ಗೊತ್ತಿಲ್ಲ. ಅವನಿಗೆ ತಾಳ ಯಾರು ಹೇಳ್ಕೊಟ್ರು? ಇವಳೇ ತಾನೆ? ಅದನ್ನ ತೋರ್ಸು."

ಈ ಮಾತಿಗೆ ನಾನು ಯಾವತ್ತೂ ಋಣಿ. ಹೊಸದಾಗಿ ಒಂದು ದೃಶ್ಯ ಬರೆದೆ. ಅಂಗಡಿಯ ಬೆಂಚು, ಬೆಸುಗೆಯ ವಾಸನೆ, ಬಿಚ್ಚಿಟ್ಟ ಮರ್ಫಿ ರೇಡಿಯೋ. ಶಾರದಾ ಮೇಜಿನ ಮೇಲೆ ಬೆರಳೆಣಿಸಿ ತಾಳ ತೋರಿಸುತ್ತಾಳೆ. ಬಷೀರ್ ನೋಡಿಕೊಂಡು ತನ್ನ ಕಡೆಯ ಮೇಜಿನ ಮೇಲೆ ಹಾಕುತ್ತಾನೆ. ಇಬ್ಬರ ನಡುವೆ ಒಂದು ಮೇಜಿನ ಅಂತರ, ತಡವೇ ಇಲ್ಲ. ಅದರಾಚೆ ಏನನ್ನೂ ಹೇಳಲಿಲ್ಲ. ಆದರೆ ಆ ದೃಶ್ಯ ಬಂದ ಮೇಲೆ ಆಕಾಶದ ಪ್ರೇಮಕ್ಕೂ ನೆಲ ಸಿಕ್ಕಿತು. ಕೊನೆಯ ಭಾಗದಲ್ಲಿ ಶಾರದಾ ಅವನನ್ನು ಅಣ್ಣ ಅನ್ನೋದು ಬಿಟ್ಟಿದ್ದಾಳೆ. ಗಮನಿಸಿದವರು ಗಮನಿಸುತ್ತಾರೆ.

1986ರ ಫೆಬ್ರವರಿಯಲ್ಲಿ ಗುರು ಸೂರ್ಯನ ಹಿಂದೆ ಸರಿಯಿತು. ಆ ತಿಂಗಳೇ ಹ್ಯಾಲಿಯೂ ಸೂರ್ಯನಿಗೆ ಅತಿ ಹತ್ತಿರ ಬಂದದ್ದು. ಆ ಮೌನದ ವಾರಗಳನ್ನು ನಾನು ಬೇಗ ದಾಟಿಸಲಿಲ್ಲ. ವಿರಹವನ್ನು ಒಂದು ಪ್ಯಾರಾದಲ್ಲಿ ಮುಗಿಸಿದರೆ ಅದು ವಿರಹವೇ ಅಲ್ಲ. ಶಾರದಾ ಮದುವೆಯ ಮಾತುಕತೆಗೆ ಕೂರುತ್ತಾಳೆ, ಅಮ್ಮನ ಜೊತೆ ವಿದುರಾಶ್ವತ್ಥಕ್ಕೆ ಹೋಗುತ್ತಾಳೆ, ಚಾರ್ಟಿನಲ್ಲಿ ಬರೀ ಸೂರ್ಯನ ಗದ್ದಲ ನೋಡುತ್ತಾಳೆ. ಗುರು ಮರಳಿ ಬರುವಾಗ ಅದು ಬೆಳಗಿನ ಆಕಾಶದಲ್ಲಿದೆ, ದೂರ ಜಾಸ್ತಿಯಾಗಿದೆ, ಸಿಗ್ನಲ್‌ಗೆ ಸುಮಾರು 50 ನಿಮಿಷ ಬೇಕು. ಮೊದಲ ದಿನವೇ ತಾಳ ಕಿಟಕಿಗೆ ಸರಿಯಾಗಿ ಬಂದು ಕೂರುತ್ತದೆ. ಮಾತಿಲ್ಲದ ವಾರಗಳಲ್ಲೂ ಆ ಕಡೆಯವರು ದಿನದಿನವೂ ಲೆಕ್ಕ ಹಾಕುತ್ತಲೇ ಇದ್ದರು. ಈ ಸಾಲಿಗೆ ಬಂದಾಗ ಬರೆಯುತ್ತಿದ್ದ ನನಗೇ ಗಂಟಲು ಕಟ್ಟಿತು.

ಮುಕ್ತಾಯದಲ್ಲಿ ಶಾರದಾಳಿಗೆ ಬೇರೆ ಊರಿಗೆ ವರ್ಗ. ಇನ್ನು ಮುಂದೆ ತಾನು ಕೇಳಿಸಿಕೊಳ್ಳೋಕೆ ಇರೋದಿಲ್ಲ ಅಂತ ಹೇಳೋದು ಹೇಗೆ? ಅವಳು ಎಂಟೂ ಏಟನ್ನು ಪೂರ್ತಿಯಾಗಿ ಕಳಿಸಿ ಆವರ್ತ ಮುಚ್ಚುತ್ತಾಳೆ. ಮಾರನೇ ದಿನ ಆ ಕಡೆಯಿಂದ ಮತ್ತೆ ಏಳೇ ಬರುತ್ತದೆ. ಎಂಟನೆಯದನ್ನು ತೆರೆದೇ ಬಿಟ್ಟಿರುತ್ತಾರೆ. ಕಥೆ ಅಲ್ಲಿಗೆ ನಿಲ್ಲುತ್ತದೆ.

ಒಂದು ವಿಶೇಷಾಂಕಕ್ಕೆ ಕಳಿಸಿದೆ. ಸಂಪಾದಕರಿಗೆ ಕಥೆ ಹಿಡಿಸಿತು, ಆದರೆ ಉದ್ದ ಜಾಸ್ತಿ ಅಂದರು. ಅಂಕಿಗಳನ್ನು ತೆಗೆದುಬಿಡಿ, ಪ್ರೇಮ ಸಾಕು ಅನ್ನೋದು ಅವರ ಸಲಹೆ. ನಾನು ಒಪ್ಪಲಿಲ್ಲ. 34 ನಿಮಿಷ ತೆಗೆದರೆ ಪ್ರೇಮವೂ ಹೋಗುತ್ತದೆ, ಎರಡೂ ಒಂದೇ ಅಂತ ವಿವರವಾಗಿ ಬರೆದೆ. ಬದಲಿಗೆ ಅಧಿಕಾರಿಯೊಬ್ಬರು ಗುಟ್ಟು ಪತ್ತೆಹಚ್ಚುವ ಒಂದಿಡೀ ಅಧ್ಯಾಯವನ್ನು ತೆಗೆದೆ. ಅದು ಹೋದದ್ದು ಯಾರಿಗೂ ಗೊತ್ತಾಗಲಿಲ್ಲ. ಇಂಥ ಕಥೆಯಲ್ಲಿ ಖಳನಾಯಕ ಬೇಕಾಗೇ ಇಲ್ಲ. ಬೆಳಕಿನ ವೇಗವೇ ಸಾಕಷ್ಟು ಅಡ್ಡ ನಿಲ್ಲುತ್ತದೆ.

ಪ್ರಕಟವಾದ ಮೇಲೆ ಪತ್ರಗಳು ಬಂದವು. ಶಾರದಾ ಬಷೀರನನ್ನು ಮದುವೆಯಾದಳೇ ಅಂತ ಕೇಳಿದವರೇ ಜಾಸ್ತಿ. ಸಂಗೀತದ ಮೇಷ್ಟ್ರೊಬ್ಬರು ಅಷ್ಟು ನಿಧಾನದ ಕಾಲಪ್ರಮಾಣವನ್ನು ಮನಸ್ಸಿನಲ್ಲಿ ಹಿಡಿಯೋದು ಎಷ್ಟು ಕಷ್ಟ ಅಂತ ಬರೆದರು. ಇಷ್ಟು ನಿಧಾನದಲ್ಲಿ ಬಷೀರ್ ವಾಚು ನೋಡದೆ ಕೀ ಒತ್ತಲಾರ ಅಂತಲೂ ತಿಳಿಸಿದರು. ಹ್ಯಾಮ್ ಒಬ್ಬರು ನೂರು ವಾಟ್‌ನ ಸೆಟ್ಟಿನಿಂದ ಹೊರಟ ಅಲೆ ಗುರುವಿನ ಹತ್ತಿರ ಎಷ್ಟು ಕ್ಷೀಣವಾಗಿರುತ್ತದೆ, ಅದನ್ನು ಹಿಡಿಯೋಕೆ ಎಂಥ ಆಂಟೆನಾ ಬೇಕು ಅಂತ ಎರಡು ಪುಟ ಲೆಕ್ಕ ಕಳಿಸಿದರು. ಕಥಾಸಂಕಲನಕ್ಕೆ ಇದನ್ನು ಸೇರಿಸುವಾಗ ಮೇಷ್ಟ್ರ ಮಾತಿಗೆ ಬಷೀರನ ವಾಚನ್ನು ಕೀ ಪಕ್ಕದಲ್ಲೇ ಇಟ್ಟೆ. ಹ್ಯಾಮ್ ಅವರ ಲೆಕ್ಕಕ್ಕೆ ಆ ಕಡೆಯವರ ಬಗ್ಗೆ ಒಂದೇ ಒಂದು ವಿವರ ಸೇರಿಸಿದೆ: ಅವರ ಕಿವಿ ಗುರುವಿನ ಒಂದು ಉಪಗ್ರಹದಿಂದ ಇನ್ನೊಂದರವರೆಗೆ ಹರಡಿದೆ. ಬಷೀರ್ ಅದನ್ನು ಶಾರದಾಳಿಗೆ ಲೆಕ್ಕ ಮಾಡಿ ತೋರಿಸುವ ಪುಟವನ್ನು ಈಗ ಬರೆಯುತ್ತಿದ್ದೇನೆ.